ಮಾಡು ತೆಗೆಯುವ ಕಾರು, ಬಿಡದ ಮಳೆ: ಸಾನಪಾಡಾದ 'ಸ್ಟಾರ್ಮ್' ಸಂಸಾರ

ಸಾನಪಾಡಾ ರೈಲು ನಿಲ್ದಾಣದಿಂದ ನಡೆದರೆ ಹತ್ತು ನಿಮಿಷದ ದಾರಿ. ಸಿಡ್ಕೊ ಕಾಲದ ನಾಲ್ಕು ಮಾಳಿಗೆಯ ಹಳೆಯ ಕಟ್ಟಡ. ಜೂನ್ ತಿಂಗಳಲ್ಲಿ ಮೃಗಶಿರಾ ಮಳೆ ಹಿಡಿಯಿತೆಂದರೆ ಈ ಸೊಸೈಟಿಯ ವಾಚ್‌ಮನ್‌ಗೆ ಒಂದು ದೃಶ್ಯ ಕಾಯಂ. ರಾತ್ರಿ ಎರಡು ಗಂಟೆಯೇ ಆಗಿರಲಿ, ಮೂರೇ ಆಗಿರಲಿ, ಗಾಳಿ ಸಮೇತ ಜೋರು ಮಳೆ ಬಂದರೆ ಒಂದನೇ ಮಾಳಿಗೆಯ ಬಾಗಿಲು ತೆರೆಯುತ್ತದೆ. ಲುಂಗಿ ಮೇಲೆ ಕಟ್ಟಿದ ಹಿರಿಯರೊಬ್ಬರು ಟಾರ್ಚು, ಎರಡು ಹಳೆ ಟವೆಲು ಹಿಡಿದುಕೊಂಡು ಇಳಿದು ಬರುತ್ತಾರೆ. ಕಂಪೌಂಡಿನ ಮೂಲೆಯಲ್ಲಿ ನಿಂತ ಪುಟ್ಟ ಕಾರಿನ ತಾಡಪತ್ರಿಯನ್ನು ಒಂದು ಬದಿಯಿಂದ ಎತ್ತಿ, ಒಳಗೆ ಕೈ ಹಾಕಿ ಸೀಟಿನ ಕೆಳಗಿನ ಕಾರ್ಪೆಟನ್ನು ಮುಟ್ಟಿ ನೋಡುತ್ತಾರೆ. ಒಣಗಿದ್ದರೆ ಮೇಲೆ ಹೋಗಿ ಮಲಗುತ್ತಾರೆ. ಒದ್ದೆಯಿದ್ದರೆ ಬೆಳಗಿನವರೆಗೆ ಅಲ್ಲೇ.

"ಮಳಿ ಬಂತಂದ್ರೆ ಇವ್ರಿಗೆ ನಿದ್ರಿಲ್ಲ. ಮಕ್ಕಳು ಸಣ್ಣವರಿದ್ದಾಗ ಜ್ವರ ಬಂದ್ರೂ ಇಷ್ಟು ಸಲ ಎದ್ದದ್ದಿಲ್ಲ ಮಾರಾಯ್ರೆ" ಎನ್ನುತ್ತಾರೆ ಅವರ ಮಡದಿ. ದೂರಿನ ಧ್ವನಿ ಹೌದು. ಆದರೆ ಟವೆಲನ್ನು ಹಿಂಡಿ ಒಣಗಿಸಿ ಬಾಗಿಲ ಹಿಂದೆ ಸಿದ್ಧವಾಗಿ ಇಡುವವರೂ ಅವರೇ.

ಹೆಸರು ಪತ್ರಿಕೆಯಲ್ಲಿ ಬರುವುದು ಬೇಡ ಎಂಬುದು ಈ ದಂಪತಿಯ ಅಪೇಕ್ಷೆ. ಹೆಸರಿನ ಅಗತ್ಯವೂ ಇಲ್ಲವೆನ್ನಿ. ಪರಿಸರದ ಕನ್ನಡಿಗರೆಲ್ಲ ಅವರನ್ನು ಕರೆಯುವುದು 'ಸ್ಟಾರ್ಮ್ ಅಣ್ಣ' ಎಂದೇ. ಮರಾಠಿ ನೆರೆಹೊರೆಯವರ ಬಾಯಲ್ಲಿ ಕಾರಿಗೆ 'ಛತ್ರಿ ಗಾಡಿ' ಎಂಬ ಹೆಸರು. ಕುಂದಾಪುರ ಕಡೆಯ ಹಳ್ಳಿಯಿಂದ 1979ರಲ್ಲಿ, ಹದಿನೇಳರ ಹರೆಯದಲ್ಲಿ ಮುಂಬಯಿಗೆ ಬಂದವರು. ಹಗಲು ಸೋದರಮಾವನ ಹೊಟೇಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿಶಾಲೆ. ಆಮೇಲೆ ವಯರಿಂಗ್ ಕೆಲಸ ಕಲಿತು ತುರ್ಭೆಯ ಕಾರ್ಖಾನೆಯೊಂದರಲ್ಲಿ ಇಲೆಕ್ಟ್ರಿಶಿಯನ್ ಆದರು. ಮುಂದೆ ಮೋಟಾರು ರಿವೈಂಡಿಂಗ್‌ನ ಸ್ವಂತ ಅಂಗಡಿ ಹಾಕಿದರು. ಮುಂಬಯಿ ಕನ್ನಡಿಗರಲ್ಲಿ ಇಂಥ ಕಥೆ ಮನೆಗೊಂದು ಸಿಗುತ್ತದೆ. ಸಿಗದೇ ಇರುವುದು ಆ ಕಾರು.

ಬೆಂಗಳೂರಿನ ಕಂಪೆನಿ, ಗೋವಾದ ಕಾರ್ಖಾನೆ

ಕಾರಿನ ಹೆಸರು ಸ್ಯಾನ್ ಸ್ಟಾರ್ಮ್. ಸ್ಟಾರ್ಮ್ ಎಂದರೆ ಬಿರುಗಾಳಿ. ಬಿರುಗಾಳಿ ಎಂದು ಹೆಸರಿಟ್ಟುಕೊಂಡು ಮಳೆಗೆ ಹೆದರುವ ಕಾರು ಇದೊಂದೇ ಇರಬೇಕು ಎಂದು ಸೊಸೈಟಿಯ ಹುಡುಗರು ನಗುವುದುಂಟು.

ಕಾರಿಗೂ ಕರ್ನಾಟಕಕ್ಕೂ ಇರುವ ಸಂಬಂಧ ನಮ್ಮವರಲ್ಲಿ ಹೆಚ್ಚಿನವರಿಗೆ ತಿಳಿಯದು. ರೈಲ್ವೆ ಯಾರ್ಡುಗಳಲ್ಲಿ, ಕಾರ್ಖಾನೆಗಳ ಹಳಿಗಳ ಮೇಲೆ ವ್ಯಾಗನು ಎಳೆಯುವ ಡೀಸೆಲ್ ಇಂಜಿನುಗಳನ್ನು ತಯಾರಿಸುವ ಬೆಂಗಳೂರಿನ ಸ್ಯಾನ್ ಇಂಜಿನಿಯರಿಂಗ್ ಕಂಪೆನಿಯ ಬಳಗವೇ 1990ರ ದಶಕದ ಕೊನೆಯಲ್ಲಿ ಸ್ಯಾನ್ ಮೋಟಾರ್ಸ್ ಹೆಸರಿನಲ್ಲಿ ಈ ಕಾರಿಗೆ ಕೈ ಹಾಕಿತು. ವಿನ್ಯಾಸ ಫ್ರಾನ್ಸ್‌ನದ್ದು. ಯಂತ್ರವೂ ಅಲ್ಲಿನ ರೆನೊ ಕಂಪೆನಿಯದ್ದು. 1.2 ಲೀಟರಿನ, ಸುಮಾರು 60 ಅಶ್ವಶಕ್ತಿಯ ಪೆಟ್ರೋಲ್ ಇಂಜಿನ್. ಇಂಜಿನ್ ದೊಡ್ಡದಲ್ಲದಿದ್ದರೂ ಬಾಡಿ ಫೈಬರ್‌ಗ್ಲಾಸಿನದ್ದಾದ್ದರಿಂದ ಕಾರು ಹಗುರ. ಎರಡೇ ಬಾಗಿಲು, ಎರಡೇ ಸೀಟು, ಮೇಲೆ ಮಡಚಿ ಇಡಬಹುದಾದ ಬಟ್ಟೆಯ ಮಾಡು. ಕಾರು ತಯಾರಾದದ್ದು ಗೋವಾದ ವೆರ್ಣಾದಲ್ಲಿ. ಮೂರು ಚಕ್ರದ ರಾಬಿನ್ ಕಾರಿನಿಂದ ಹೆಸರಾದ ಇಂಗ್ಲೆಂಡಿನ ರಿಲಯಂಟ್ ಕಂಪೆನಿ ಇದನ್ನು ತನ್ನ ದೇಶಕ್ಕೆ ತರಿಸಿ ಮಾರಲು ಮುಂದಾದದ್ದೂ ಉಂಟು.

ನಮ್ಮಲ್ಲಿ ಅದು ಓಡಿದ್ದು ಕಡಿಮೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನಾಲ್ಕು ಜನರ ಮನೆಗೆ ಎರಡು ಸೀಟಿನ ಕಾರು ಯಾರಿಗೆ ಬೇಕು? ಅದೂ ಕಾರು ಎಂದರೆ ಜೀವಮಾನಕ್ಕೊಂದು ಎಂದು ಲೆಕ್ಕ ಹಾಕುತ್ತಿದ್ದ ಕಾಲ. ಮಾಡು ತೆಗೆದು ಓಡಿಸಬೇಕೆಂದರೆ ಬಟ್ಟೆ ಹೊದಿಕೆಯ ಜೀಪು, ಜಿಪ್ಸಿಗಳಿದ್ದವು. ಅವುಗಳಲ್ಲಿ ಹಿಂದೆ ಆರು ಮಂದಿಯನ್ನೂ ಕೂರಿಸಬಹುದಿತ್ತು. ಇನ್ನು ಫ್ರೆಂಚ್ ಕಾರಿನ ಕಹಿ ನೆನಪು ಈ ಭಾಗದಲ್ಲಿ ಇನ್ನೂ ಹಸಿಯಾಗಿತ್ತು. 1990ರ ದಶಕದ ನಡುವಿನಲ್ಲಿ ಪಕ್ಕದ ಕಲ್ಯಾಣದಲ್ಲೇ ಪಾಲ್-ಪ್ಯೂಜೊ ಕಂಪೆನಿ 309 ಎಂಬ ಕಾರನ್ನು ತಯಾರಿಸಿ, ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿತ್ತು. ಡೊಂಬಿವಲಿ, ಕಲ್ಯಾಣದ ಹಿರಿಯ ಓದುಗರಿಗೆ ನೆನಪಿರಬಹುದು. ರೆನೊ ಹೆಸರಿನ ಕಾರು ಭಾರತದ ರಸ್ತೆಗೆ ಬಂದದ್ದು 2007ರಲ್ಲಿ, ಮಹೀಂದ್ರ ಜೊತೆಗೂಡಿ ಲೋಗನ್ ತಂದಾಗ. ಅಂದರೆ ಸ್ಟಾರ್ಮ್ ಕೊಂಡವರಿಗೆ ಇಂಜಿನಿನ ಬಿಡಿಭಾಗ ಬೇಕಾದರೆ ಊರಿನಲ್ಲಿ ಒಂದು ಶೋರೂಮೂ ಇರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಸ್ಟಾರ್ಮ್ ಅಣ್ಣ ಅದನ್ನು ಕೊಂಡರು. 2004ರ ದಸರೆಯ ಸಮಯ. ಕಾರು 2000ನೇ ಇಸವಿಯ ನೋಂದಣಿಯದ್ದು. ಮೊದಲ ಮಾಲಕರ ಬಂಗಲೆಗೆ ಮೋಟಾರು ರಿಪೇರಿಗೆ ಹೋದವರು, ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಕಾರನ್ನು ಕಂಡು ವಿಚಾರಿಸಿದರು. ಮನೆಯ ಅಡುಗೆಕೋಣೆ ಸರಿಪಡಿಸಲು, ಹೊಸ ಕಪಾಟು ಮಾಡಿಸಲು ಎಂದು ಮೂರು ವರ್ಷದಿಂದ ಕೂಡಿಟ್ಟ ಹಣವಿತ್ತು. ಅದು ಕಾರಾಗಿ ಮನೆಗೆ ಬಂತು. ಹಳೆಯ, ಅದೂ ಮಾರುಕಟ್ಟೆಯೇ ಇಲ್ಲದ ಕಾರಿಗೆ ಯಾವ ಬ್ಯಾಂಕೂ ಸಾಲ ಕೊಡದು. ಸಾಲ ವಸೂಲಾಗದಿದ್ದರೆ ಅಂಥ ವಸ್ತುವನ್ನು ಜಪ್ತಿ ಮಾಡಿ ಯಾರಿಗೆ ಮಾರುವುದು? ಹಾಗಾಗಿ ಎಲ್ಲವೂ ರೋಖು. ಅಡುಗೆಕೋಣೆಯ ಕಪಾಟಿಗೆ ಮುಂದೆ ಐದು ವರ್ಷ ಹಿಡಿಯಿತು. ಮಡದಿ ಇವತ್ತಿಗೂ ಅದನ್ನು ಮರೆತಿಲ್ಲ. ಮರೆಯಬೇಕಾದ ಕಾರಣವೂ ಇಲ್ಲ.

ಮಳೆಗಾಲದ ಪಾಠ

ಮುಂಬಯಿ, ನವಿಮುಂಬಯಿಗೆ ಜೂನ್ ಎರಡನೇ ವಾರ ಕಾಲಿಡುವ ಮುಂಗಾರು ಹಿಂತಿರುಗುವಾಗ ಅಕ್ಟೋಬರ್ ಬಂದಿರುತ್ತದೆ. ಈ ನಾಲ್ಕು ತಿಂಗಳಲ್ಲಿ ಸುರಿಯುವುದು ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು. ಒಂದು ಕಡೆ ಠಾಣೆ ಕೊಲ್ಲಿಯ ಉಪ್ಪುಗಾಳಿ, ಇನ್ನೊಂದು ಕಡೆ ತುರ್ಭೆಯ ಕೈಗಾರಿಕಾ ಪ್ರದೇಶ. ಮಾಡು ತೆಗೆಯುವ ಕಾರು ಸಾಕಲು ಇದಕ್ಕಿಂತ ಪ್ರತಿಕೂಲ ಜಾಗ ಸಿಗಲಾರದು.

ಮೊದಲ ಮಳೆಗಾಲವೇ 2005ರದ್ದು. ಜುಲೈ 26, ಪುಷ್ಯ ಮಳೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ ಆ ದಿನವನ್ನು ಮರೆತ ಮುಂಬಯಿಗರಿಲ್ಲ. ಸ್ಟಾರ್ಮ್ ಅಣ್ಣ ಅಂದು ಕೆಲಸಕ್ಕೆಂದು ಕುರ್ಲಾಕ್ಕೆ ಹೋದವರು ನೀರಿನಲ್ಲಿ ಸಿಕ್ಕಿ ಮನೆ ತಲುಪಿದ್ದು ಮರುದಿನ ಮಧ್ಯಾಹ್ನ. ಕಂಪೌಂಡಿನ ನೀರು ಆಗಲೇ ಇಳಿದಿತ್ತು. ಕಾರಿನ ಬಾಗಿಲು ತೆರೆದರೆ ಒಳಗಿನ ನೀರು ಹಾಗೇ ಇತ್ತು, ಪಾದ ಮುಳುಗುವಷ್ಟು. ಹೊರಗಿನಿಂದ ಬಂದದ್ದಕ್ಕಿಂತ ಮೇಲಿನಿಂದ ಇಳಿದದ್ದೇ ಹೆಚ್ಚು. ಸೀಟುಗಳನ್ನು ಬಿಚ್ಚಿ ಮನೆಯೊಳಗೆ ಫ್ಯಾನಿನಡಿ ಇಟ್ಟರು. ಹನ್ನೆರಡು ದಿನ ಬೈಠಕ್ ಖಾನೆಯಲ್ಲಿ ಕಾರಿನ ಸೀಟು. ಮನೆಗೆ ಬಂದ ನೆಂಟರು ಅದರ ಮೇಲೇ ಕುಳಿತು ಚಾ ಕುಡಿದರು.

ಅಲ್ಲಿಂದ ಶುರುವಾಯಿತು ಅವರ ಅಭ್ಯಾಸ. ಒದ್ದೆಯಾದ ಬಟ್ಟೆಯ ಮಾಡನ್ನು ಎಂದೂ ಮಡಚಬಾರದು ಎಂಬುದು ಮೊದಲ ಪಾಠ. ಮಡಚಿಟ್ಟರೆ ಎರಡೇ ದಿನದಲ್ಲಿ ಮಡಿಕೆಗಳಲ್ಲಿ ಬೂಷ್ಟು. ಬೂಷ್ಟು ಹಿಡಿದ ನೂಲು ಮುಂದಿನ ಬಿಸಿಲಿಗೆ ಹರಿಯುತ್ತದೆ. ಹಾಗಾಗಿ ಸಣ್ಣ ಬಿಸಿಲು ಕಂಡಾಗ ಮಾಡನ್ನು ಅರ್ಧ ಎತ್ತಿ ಗಾಳಿಗೆ ಬಿಡಬೇಕು. ಆಷಾಢದಲ್ಲಿ ಅಂಥ ಬಿಸಿಲು ವಾರಕ್ಕೊಮ್ಮೆ ಬಂದರೆ ಪುಣ್ಯ. ಊರಿನಲ್ಲಿ ಆಟಿ ತಿಂಗಳ ಬಿಸಿಲಿಗೆ ಹಪ್ಪಳ, ಅಕ್ಕಿ ಹರವಿದಂತೆ ಇವರು ಕಾರಿನ ಕಾರ್ಪೆಟನ್ನು ಹರವುತ್ತಾರೆ.

ಬಾಗಿಲಿನ ತಳದ ಸಣ್ಣ ತೂತುಗಳದ್ದು ಬೇರೆ ಕಥೆ. ಯಾವುದೇ ಕಾರಿನಲ್ಲಿ ಕಿಟಕಿ ಗಾಜಿನ ಸಂದಿನಿಂದ ನೀರು ಬಾಗಿಲಿನ ಒಳಗೆ ಇಳಿದೇ ಇಳಿಯುತ್ತದೆ. ಇಳಿದದ್ದು ಕೆಳಗಿನ ತೂತುಗಳಿಂದ ಹೊರಬೀಳಬೇಕು. ಸೊಸೈಟಿಯ ಗೇಟಿನ ಬಳಿ ಗುಲ್‌ಮೊಹರ್ ಮರವಿದೆ. ಮೇ ತಿಂಗಳಲ್ಲಿ ನೋಡಲು ಬಹಳ ಚಂದ. ಆದರೆ ಅದರ ಹುಡಿಯಂಥ ಎಲೆಗಳು ಈ ತೂತುಗಳಿಗೆ ಬಿರಡೆ ಹಾಕಿದಂತೆ ಕೂರುತ್ತವೆ. ಆಗ ಬಾಗಿಲೇ ಒಂದು ಟಾಂಕಿ. ತಿರುವಿನಲ್ಲಿ ಬಾಗಿಲೊಳಗೆ ನೀರು ಕುಲುಕುವ ಸದ್ದು ಕೇಳಿ ಕುಳಿತವರು ಹೆದರಿದ್ದುಂಟು. ಹಳೆಯ ಸೈಕಲಿನ ಕಡ್ಡಿಯೊಂದನ್ನು ಬಗ್ಗಿಸಿ ಮಾಡಿದ ಸಲಕರಣೆ ಇದಕ್ಕೆಂದೇ ಡ್ಯಾಶ್‌ಬೋರ್ಡಿನಲ್ಲಿದೆ.

ಫೈಬರ್‌ಗ್ಲಾಸಿಗೆ ತುಕ್ಕು ಹಿಡಿಯುವುದಿಲ್ಲ. ಅದರ ಜೊತೆಯ ತಗಡಿನ ಕಾರುಗಳೆಲ್ಲ ಈ ಉಪ್ಪುಗಾಳಿಯಲ್ಲಿ ಕರಗಿ ಗುಜರಿಗೆ ಹೋದವು, ಇದು ಉಳಿಯಿತು. ಆದರೆ ಫೈಬರ್‌ಗ್ಲಾಸಿಗೆ ಇನ್ನೊಂದು ಗುಣವೂ ಇದೆ. ತಗಡಿನ ಕಾರಿನಲ್ಲಿ ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಾಡಿಗೆ ಜೋಡಿಸಿದರೆ ಸಾಕು, ಇಡೀ ಬಾಡಿಯೇ ವಿದ್ಯುತ್ತು ಹಿಂತಿರುಗುವ ದಾರಿ. ಫೈಬರ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಆದ್ದರಿಂದ ಒಂದೊಂದು ದೀಪಕ್ಕೂ ಬೇರೆ ಅರ್ತ್ ತಂತಿ ಎಳೆದಿರಬೇಕು. ಮಳೆಗಾಲದಲ್ಲಿ ಆ ತಂತಿಯ ತುದಿಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ವಿದ್ಯುತ್ತು ತನ್ನ ದಾರಿ ಕಾಣದೆ ಬೇರೆ ದೀಪದ ದಾರಿ ಹಿಡಿಯುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ, ಇಂಡಿಕೇಟರ್ ಹಾಕಿದರೆ ಹಿಂದಿನ ದೀಪ ಮಂಕಾಗುತ್ತದೆ. ಎಷ್ಟೋ ಮೆಕ್ಯಾನಿಕರು ಬಲ್ಬು, ಫ್ಯೂಸು, ಸ್ವಿಚ್ಚು ಬದಲಿಸಿ ಸೋತ ಮೇಲೆ ಇಲೆಕ್ಟ್ರಿಶಿಯನ್ ಆದ ಮಾಲಕರಿಗೇ ಹೊಳೆದ ವಿಷಯವಿದು. ಈಗ ಪ್ರತಿ ಮೇ ತಿಂಗಳ ಕೊನೆಯ ಭಾನುವಾರ ಎಲ್ಲ ಅರ್ತ್ ತುದಿಗಳನ್ನು ಬಿಚ್ಚಿ, ಮರಳುಕಾಗದದಲ್ಲಿ ಉಜ್ಜಿ, ಗ್ರೀಸು ಸವರಿ ಮತ್ತೆ ಬಿಗಿಯುತ್ತಾರೆ. ಈ ಒಂದು ಕೆಲಸದಲ್ಲಿ ಅವರನ್ನು ಮೀರಿಸುವ ಗ್ಯಾರೇಜು ನವಿಮುಂಬಯಿಯಲ್ಲಿ ಸಿಗುವುದು ಕಷ್ಟ.

ಮಾಡಿನ ಬಟ್ಟೆ ಎರಡು ಬಾರಿ ಬದಲಾಗಿದೆ. ಅಂಗಡಿಯಲ್ಲಿ ಸಿಗುವ ವಸ್ತುವಲ್ಲ ಅದು. ಮೊದಲ ಬಾರಿ, 2008ರಲ್ಲಿ, ಆಟೊರಿಕ್ಷಾಗಳಿಗೆ ಹುಡ್ ಹೊಲಿಯುವ ತುರ್ಭೆಯ ಕಾರಿಗರನೊಬ್ಬನನ್ನು ಹಿಡಿದರು. ರಿಕ್ಷಾದ ಹುಡ್ ಮಳೆಯಲ್ಲೇ ಹುಟ್ಟಿ ಮಳೆಯಲ್ಲೇ ಬದುಕುವ ಮಾಲು. ಅವನಿಗಿಂತ ಬಲ್ಲವರು ಯಾರು? ಆದರೆ ರಿಕ್ಷಾದ ಹುಡ್ ಮಡಚುವುದು ಅಪರೂಪ. ಇದನ್ನು ಮಡಚಬೇಕು. ಅವನು ಹೊಲಿದದ್ದು ನೀರು ತಡೆಯಿತು, ಆದರೆ ಮಡಚಲು ಇಬ್ಬರು ಬೇಕಾಯಿತು. ಮನೆಯಲ್ಲಿ ಬ್ಲೌಸು ಹೊಲಿಯುತ್ತಿದ್ದ ಮಡದಿ ಅದನ್ನು ಎರಡು ದಿನ ನೋಡಿ, "ಮಡಿಕೆ ಬೀಳುವಲ್ಲಿ ಬಟ್ಟೆ ಬಿಡಬೇಕು, ಇವನು ಬಿಗಿ ಮಾಡಿದ್ದಾನೆ" ಎಂದರು. ಹಳೆಯ ಹೊದಿಕೆಯ ಹೊಲಿಗೆ ಬಿಚ್ಚಿ, ಒಂದೊಂದು ತುಂಡನ್ನೂ ವೃತ್ತಪತ್ರಿಕೆಯ ಮೇಲಿಟ್ಟು ಅಚ್ಚು ತೆಗೆದು ಕೊಟ್ಟರು. ದಪ್ಪ ಬಟ್ಟೆಗೆ ಮನೆಯ ಮಶೀನಿನ ಸೂಜಿ ತಾಳದು. ಹೊಲಿದದ್ದು ಆ ಕಾರಿಗರನೇ, ಅಳತೆ ಮಾತ್ರ ಇವರದ್ದು. ಹೊಲಿಗೆಯ ಸಾಲುಗಳ ಮೇಲೆ ಒಳಗಿನಿಂದ ಮೇಣ ಉಜ್ಜುವ ಉಪಾಯವೂ ಅವರದ್ದೇ. ಎರಡನೇ ಬಾರಿಗೂ ಅದೇ ಕಾಗದದ ಅಚ್ಚು ಉಪಯೋಗಕ್ಕೆ ಬಂತು. ಇಂದಿಗೂ ಅದು ಹಳೆಯ ಕ್ಯಾಲೆಂಡರಿನ ಜೊತೆ ಸುರುಳಿ ಸುತ್ತಿ ಕಪಾಟಿನ ಮೇಲಿದೆ. ಹೌದು, ಐದು ವರ್ಷ ತಡವಾಗಿ ಬಂದ ಅದೇ ಕಪಾಟು.

ಬೇಸಿಗೆಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಮಾಡು ತೆರೆದು ಹಾಯಾಗಿ ಹೋಗುವ ಕಾಲ ಅದೆಂದು ತಿಳಿಯುವವರು ಏಪ್ರಿಲ್ ಮಧ್ಯಾಹ್ನ ಒಮ್ಮೆ ಕುಳಿತು ನೋಡಬೇಕು. ಸೀಟು ಕಾವಲಿಯಾಗಿರುತ್ತದೆ. ಹಿಂದಿನ ಕಿಟಕಿಯ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಗಟ್ಟುತ್ತದೆ. ಮಳೆ ಹೋದ ಮೇಲಿನ ಅಕ್ಟೋಬರ್ ಸೆಕೆಯೂ ಹೀಗೆಯೇ. ಒಟ್ಟು ಲೆಕ್ಕ ಹಾಕಿದರೆ ಮಾಡು ತೆರೆದು ಓಡಿಸಬಹುದಾದದ್ದು ವರ್ಷದಲ್ಲಿ ಮೂರು ತಿಂಗಳು, ಅದೂ ಬೆಳಿಗ್ಗೆ ಮತ್ತು ಸಂಜೆ. ಮೂರು ತಿಂಗಳ ಸುಖಕ್ಕೆ ಒಂಬತ್ತು ತಿಂಗಳ ಚಾಕರಿ. ಯಾವ ಜಮಾಖರ್ಚಿನಲ್ಲೂ ಇದು ತಾಳೆಯಾಗುವುದಿಲ್ಲ.

ಚಳಿಗಾಲದ ಮೂರು ತಿಂಗಳು

ಆದರೆ ಆ ಮೂರು ತಿಂಗಳು ಇದ್ದೇ ಇದೆಯಲ್ಲ. ಡಿಸೆಂಬರಿನ ಭಾನುವಾರ ಬೆಳಿಗ್ಗೆ ಆರೂವರೆಗೆ ಮಾಡು ಮಡಚಿ ಪಾಮ್ ಬೀಚ್ ರಸ್ತೆಗೆ ಇಳಿದರೆ ಬೇಲಾಪುರದವರೆಗೆ ಒಂದು ಬದಿಯಲ್ಲಿ ಕಾಂಡ್ಲಾ ಕಾಡು, ಆಚೆ ಕೊಲ್ಲಿ. ನೆರೂಲ್ ಕಡೆಯ ಕೆರೆಗಳಲ್ಲಿ ಫ್ಲೆಮಿಂಗೊ ಹಕ್ಕಿಗಳು ಇಳಿದ ದಿನಗಳಲ್ಲಿ ಕಾರು ನಿಲ್ಲಿಸಿ, ಸೀಟಿನಿಂದ ಏಳದೆಯೇ ತಲೆಯೆತ್ತಿ ನೋಡಬಹುದು. ಮಡದಿ ತಲೆಗೆ ಮಫ್ಲರ್ ಸುತ್ತಿ, ಫ್ಲಾಸ್ಕಿನಲ್ಲಿ ಕಾಫಿ ತರುತ್ತಾರೆ. "ಮಳೆಗಾಲದಲ್ಲಿ ಇವ್ರ ಹತ್ರ ಮಾತಾಡ್ಲಿಕ್ಕಾಗುದಿಲ್ಲ. ಇದೊಂದು ಮೂರು ತಿಂಗಳು ಮಾತಾಡ್ತಾರೆ" ಎಂಬುದು ಅವರ ಅನುಭವ.

ಎರಡು ಸೀಟಿನ ತೊಂದರೆ ಮಕ್ಕಳಿಗೆ ಹೆಚ್ಚು ತಟ್ಟಿತು. ಒಬ್ಬರನ್ನು ಕರೆದುಕೊಂಡು ಹೋದರೆ ಇನ್ನೊಬ್ಬರು ಅಳುತ್ತಿದ್ದರು. ಸರದಿಯ ಪಟ್ಟಿ ಗೋಡೆಯ ಮೇಲಿತ್ತು. ಘನ್ಸೋಲಿಯ ಮೂಕಾಂಬಿಕಾ ಮಂದಿರಕ್ಕೆ ನವರಾತ್ರಿಯಲ್ಲಿ ಹೋಗುವಾಗ ಅಪ್ಪ ಮತ್ತು ಒಂದು ಮಗು ಕಾರಿನಲ್ಲಿ, ಅಮ್ಮ ಮತ್ತು ಇನ್ನೊಂದು ಮಗು ಬಸ್ಸಿನಲ್ಲಿ. ಮಂದಿರದ ಬಾಗಿಲಲ್ಲಿ ಭೇಟಿ. ಸಂಘದ ಕಾರ್ಯಕ್ರಮಗಳಿಗೆ ಊರಿನಿಂದ ಬಂದ ಅತಿಥಿಗಳನ್ನು ನಿಲ್ದಾಣದಿಂದ ಕರೆತರುವ ಕೆಲಸ ಒಮ್ಮೆ ಇವರ ಪಾಲಿಗೆ ಬಂದಿತ್ತು. ಶಾಲು, ಹಾರ, ಅತಿಥಿ ಎಲ್ಲವೂ ಹಿಡಿಸಿತು. ಅತಿಥಿಗಳ ಶ್ರೀಮತಿಯವರಿಗೆ ರಿಕ್ಷಾ ಹಿಡಿಯಬೇಕಾಯಿತು. ಮತ್ತೆ ಸಮಿತಿಯವರು ಅವರಿಗೆ ಆ ಕೆಲಸ ಒಪ್ಪಿಸಿಲ್ಲ.

2009ರ ಜನವರಿಯಲ್ಲಿ ದಂಪತಿ ಇದರಲ್ಲೇ ಊರಿಗೆ ಹೋಗಿ ಬಂದರು. ಮಕ್ಕಳನ್ನು ಅಜ್ಜಿಯ ಜೊತೆ ರೈಲಿನಲ್ಲಿ ಮೊದಲೇ ಕಳುಹಿಸಿ, ಆಗಿನ ರಾಷ್ಟ್ರೀಯ ಹೆದ್ದಾರಿ 17, ಈಗಿನ 66, ಹಿಡಿದು ಹೊರಟರು. ಪನವೇಲ್, ಮಹಾಡ್, ಚಿಪ್ಳೂಣ್, ಸಾವಂತವಾಡಿ. ಕಶೇಡಿ ಘಾಟಿಯಲ್ಲಿ ಲಾರಿಗಳ ಹೊಗೆ ನೇರ ಮುಖಕ್ಕೆ. ಎರಡನೇ ದಿನ ಜುವಾರಿ ಸೇತುವೆ ದಾಟಿ ವೆರ್ಣಾ ಬಂತು. ಕಾರು ಹುಟ್ಟಿದ ಊರು. ಹೆದ್ದಾರಿಯ ಬದಿಗೆ ನಿಲ್ಲಿಸಿ ಇಳಿದರು. ಬಾನೆಟ್ಟಿನ ಮೇಲೆ ಕೈಯಿಟ್ಟು, "ನೋಡು, ನಿನ್ನ ತವರುಮನೆ" ಎಂದರಂತೆ ಯಜಮಾನರು. ಮಡದಿಗೆ ನಗು. "ನನ್ನ ತವರುಮನೆಗೆ ಇನ್ನೂ ಒಂದು ದಿನದ ದಾರಿಯಿತ್ತು, ಅದನ್ನು ಕೇಳುವವರಿಲ್ಲ" ಎಂದು ಈಗಲೂ ಅಣಕಿಸುತ್ತಾರೆ. ಕಾರವಾರ ದಾಟಿ ಕನ್ನಡದ ಬೋರ್ಡುಗಳು ಕಾಣಿಸಿದ ಮೇಲೆ ಇಬ್ಬರೂ ಭಟ್ಕಳದವರೆಗೆ ಮಾಡು ಹಾಕಲಿಲ್ಲ. ಮಗಳಿಗೆ ಆ ಪ್ರವಾಸದ ಮೇಲೆ ಹೊಟ್ಟೆಕಿಚ್ಚು ಇದ್ದೇ ಇತ್ತು. 2016ರಲ್ಲಿ ಆಕೆಯ ಮದುವೆಯಾಗಿ ಹಾಲ್‌ನಿಂದ ಹೊರಡುವಾಗ ಅಳಿಯ ಮತ್ತು ಮಗಳಿಗೆ ಕಾರು ಬಿಟ್ಟುಕೊಟ್ಟು ತಾವು ರಿಕ್ಷಾದಲ್ಲಿ ಹಿಂಬಾಲಿಸಿದರು.

ಲಾಕ್‌ಡೌನು, ತೌಕ್ತೆ ಮತ್ತು ಮೂರನೇ ನವೀಕರಣ

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 2015ರದ್ದು ಸಲೀಸಾಗಿ ಆಯಿತು. 2020ರದ್ದು ಕೊರೊನಾ ಕಾಲದಲ್ಲಿ ಬಂತು. ಕೇಂದ್ರ ಸರಕಾರ ವಾಹನದ ಕಾಗದಪತ್ರಗಳ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಿ 2021ರ ಅಕ್ಟೋಬರ್ ಕೊನೆಯವರೆಗೆ ಸಮಯ ಕೊಟ್ಟದ್ದು ಅನುಕೂಲವಾಯಿತು. ಕಾಗದಕ್ಕೆ ಸಿಕ್ಕ ಸಮಯ ಕಾರಿಗೆ ಸಿಗಲಿಲ್ಲ. ತಿಂಗಳುಗಟ್ಟಲೆ ತಾಡಪತ್ರಿಯ ಅಡಿಯಲ್ಲಿ ಗಾಳಿಯಾಡದೆ ನಿಂತ ಕಾರಿನ ಸ್ಟಿಯರಿಂಗಿಗೂ ಬೂಷ್ಟು ಹಿಡಿಯಿತು. 2021ರ ಮೇ 17ರಂದು ತೌಕ್ತೆ ಚಂಡಮಾರುತ ಮುಂಬಯಿ ಕರಾವಳಿಯ ಬದಿಯಿಂದ ಹಾದುಹೋದ ದಿನ, ಕೊಲಾಬಾದಲ್ಲಿ ಗಾಳಿಯ ವೇಗ ಗಂಟೆಗೆ ನೂರು ಕಿಲೋಮೀಟರ್ ದಾಟಿತ್ತು. ಸಾನಪಾಡಾದ ಈ ಕಂಪೌಂಡಿನಲ್ಲಿ ತಾಡಪತ್ರಿ ಹಾರಿ ಪಕ್ಕದ ಕಟ್ಟಡದ ಗೋಡೆಗೆ ಅಂಟಿತು. ಗುಲ್‌ಮೊಹರಿನ ಕೊಂಬೆ ಮುರಿದು ಮಾಡಿನ ಮೇಲೆಯೇ ಬಿತ್ತು. ಬಟ್ಟೆ ಒಂದು ಮೊಳ ಹರಿಯಿತು, ಕಬ್ಬಿಣದ ಕಮಾನು ಬಾಗಿತು. ಎರಡನೇ ಬಾರಿ ಮಾಡು ಹೊಲಿಸಿದ್ದು ಆಗಲೇ.

ಮೂರನೇ ನವೀಕರಣ 2025ರ ಅಕ್ಟೋಬರಿನಲ್ಲಿ. ಈ ಬಾರಿ ಮನೆಯಲ್ಲಿ ಮಾತು ಗಂಭೀರವಾಯಿತು. ನವೀಕರಣದ ಶುಲ್ಕ 2022ರ ಎಪ್ರಿಲ್‌ವರೆಗೆ 600 ರೂ. ಇತ್ತು, ಆಮೇಲೆ 5,000 ರೂ. ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ರೂ. ಎಂದು ಆದೇಶ ಬಂತು. ಅದರ ಮೇಲೆ ರಾಜ್ಯದ ಹಸಿರು ತೆರಿಗೆ ಬೇರೆ. ವಿಮೆಗೆ ಮೂರನೇ ವ್ಯಕ್ತಿಯ ಪ್ರೀಮಿಯಂ ಮಾತ್ರ, 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ 3,416 ರೂ. ಮತ್ತು ತೆರಿಗೆ. ಇಂಥ ಕಾರಿಗೆ ಬೆಲೆ ಕಟ್ಟಲು ವಿಮಾ ಕಂಪೆನಿಗಳಿಗೂ ಪಟ್ಟಿಯಿಲ್ಲ, ಮಾಲಕರೊಡನೆ ಮಾತಾಡಿಯೇ ನಿರ್ಧರಿಸಬೇಕು. ವಿಂಟೇಜ್ ಕಾರು ಎಂದು ರಿಯಾಯಿತಿ ಕೇಳೋಣವೆಂದರೆ 2021ರ ನಿಯಮದಂತೆ 50 ವರ್ಷ ತುಂಬಿರಬೇಕು. ಅದಕ್ಕೆ ಇನ್ನೂ 25 ವರ್ಷ ಬಾಕಿ. ಆಗ ಯಜಮಾನರಿಗೆ 88. ಹೊಸದೂ ಅಲ್ಲ, ಪುರಾತನವೂ ಅಲ್ಲ ಎಂಬ ಈ ನಡುವಿನ ವಯಸ್ಸೇ ಕಾರಿಗೂ ಮನುಷ್ಯರಿಗೂ ಹೆಚ್ಚು ಖರ್ಚಿನದ್ದು.

ಪೆಟ್ರೋಲೂ ಬದಲಾಗಿದೆ. ಶೇ. 20ರಷ್ಟು ಇಥೆನಾಲ್ ಬೆರೆಸಿದ ಪೆಟ್ರೋಲ್ 2023ರಲ್ಲಿ ಬಂದು ಈಗ ಬಂಕುಗಳಲ್ಲಿ ಸಾಮಾನ್ಯವಾಗಿದೆ. ಇಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರಿಗೂ ಆಗಿಬರುವುದಿಲ್ಲ. ಸಾನಪಾಡಾದ ಮಳೆಗಾಲದಲ್ಲಿ ತೇವಕ್ಕೇನು ಬರ? ಇಂಧನದ ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿದ್ದಾರೆ. ಮಳೆಗಾಲದಲ್ಲಿ ಟಾಂಕಿಯನ್ನು ಅರ್ಧ ಖಾಲಿ ಬಿಡುವುದಿಲ್ಲ.

ಬೆಂಗಳೂರಿನಲ್ಲಿರುವ ಮಗಳ ಅಭಿಪ್ರಾಯ, ಇನ್ನು ಸಾಕು, ಕೊಟ್ಟುಬಿಡಿ ಎಂದು. ಮಡದಿಗೆ ಎರಡು ವರ್ಷದಿಂದ ಮೊಣಕಾಲು ನೋವು. ನೆಲಕ್ಕೆ ತಾಗಿದಂತಿರುವ ಕಾರಿನಲ್ಲಿ ಕೂರುವುದಕ್ಕಿಂತ ಏಳುವುದು ಕಷ್ಟ. ಸೊಸೈಟಿಯಲ್ಲಿ ರಿಡೆವಲಪ್‌ಮೆಂಟಿನ ಮಾತುಕತೆ ನಡೆದಿದೆ. ಕಟ್ಟಡ ಕೆಡವಿದರೆ ಮೂರು ವರ್ಷ ಬಾಡಿಗೆ ಮನೆ. ಕಾರಿಗೆ ಬಾಡಿಗೆ ಮನೆ ಯಾರು ಕೊಡುತ್ತಾರೆ? ಪುಣೆಯಿಂದ ಒಬ್ಬರು ಬಂದು ಕಾರು ನೋಡಿ ಒಳ್ಳೆಯ ಬೆಲೆಯನ್ನೂ ಹೇಳಿದರು. ಯಜಮಾನರು ಉತ್ತರಿಸಲಿಲ್ಲ. ಮಡದಿಯ ಕಡೆ ನೋಡಿದರು. ಅವರು, "ಮೊದ್ಲು ಕಾಗದ ಸರಿ ಮಾಡಿ. ಕಾಗದ ಇಲ್ಲದ್ದನ್ನು ಮಾರುದು ಬೇಡ" ಎಂದು ಒಳಗೆ ಹೋದರು.

ನವಿಮುಂಬಯಿ ಆರ್.ಟಿ.ಒ.ದಲ್ಲಿ ತಪಾಸಣೆಯ ದಿನ ದೀಪಗಳೆಲ್ಲ ಸರಿಯಿದ್ದವು. ಹಾರ್ನು, ವೈಪರು ಸರಿ, ಹೊಗೆಯ ಸರ್ಟಿಫಿಕೇಟೂ ಸಿಕ್ಕಿತ್ತು. ಸಿಕ್ಕಿಹಾಕಿಕೊಂಡದ್ದು ಚಾಸಿಸ್ ನಂಬರಿನಲ್ಲಿ. ಕಾಗದದ ಮೇಲೆ ಪೆನ್ಸಿಲು ಉಜ್ಜಿ ಆ ನಂಬರಿನ ಅಚ್ಚು ತೆಗೆಯಬೇಕು. ಬಾಡಿ ಫೈಬರ್ ಆದರೂ ಕೆಳಗಿನ ಚೌಕಟ್ಟು ಕಬ್ಬಿಣ. 25 ಮಳೆಗಾಲಗಳ ತುಕ್ಕು ಅದರ ಎರಡು ಅಂಕೆಗಳ ಮೇಲೆ ಕುಳಿತಿತ್ತು. ಅಂಕೆ ಮೂಡದಿದ್ದರೆ ಆಗುವುದಿಲ್ಲ ಎಂದರು ಇನ್‌ಸ್ಪೆಕ್ಟರರು. ನಿಯಮ ಪ್ರಕಾರ ಅವರು ಹೇಳಿದ್ದು ಸರಿ. ಆ ಜಾಗವನ್ನು ಮರಳುಕಾಗದದಿಂದ ಉಜ್ಜಿದರೆ ನಂಬರು ತಿದ್ದಿದ್ದಾರೆಂಬ ಸಂಶಯ ಬರುತ್ತದೆ. ಅದಕ್ಕೆ ಕೈಹಾಕುವಂತಿಲ್ಲ.

ನಾಲ್ಕು ರಾತ್ರಿ ಚಿಮಣಿ ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಆ ಜಾಗಕ್ಕೆ ಕಟ್ಟಿ ಬಿಟ್ಟರು. ಬೆಳಿಗ್ಗೆ ಹಲ್ಲುಜ್ಜುವ ಬ್ರಶ್ಶಿನಿಂದ ಮೆಲ್ಲಗೆ ತಿಕ್ಕಿದರು. ಟಾರ್ಚು ಹಿಡಿಯಲು ಮೊಣಕಾಲು ನೋವಿನ ಮಡದಿ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಕುಳಿತಿದ್ದರು. ಐದನೇ ದಿನ ಒಂದು ಅಂಕೆ ಬಿಟ್ಟುಕೊಂಡಿತು, ಅದು 8. ಇನ್ನೊಂದು 3 ಇರಬಹುದೆಂದು ಯಜಮಾನರು, ಅಲ್ಲ 5 ಎಂದು ಮಡದಿ. ಹಳೆಯ ಆರ್.ಸಿ. ಪುಸ್ತಕ ತೆಗೆದು ನೋಡಿದರೆ 5. ಎರಡನೇ ತಪಾಸಣೆಯಲ್ಲಿ ಅಚ್ಚು ಸರಿಯಾಗಿ ಮೂಡಿತು. 2030ರವರೆಗೆ ನೋಂದಣಿ ಸಿಕ್ಕಿದೆ.

ಪುಣೆಯವರು ಆಮೇಲೆ ಎರಡು ಬಾರಿ ಫೋನು ಮಾಡಿದ್ದಾರೆ. ಮಾತು ಮುಂದುವರಿದಿಲ್ಲ, ಮುರಿದೂ ಇಲ್ಲ. ಡಿಸೆಂಬರಿನ ಮೊದಲ ಭಾನುವಾರ ಮಾಡು ಮಡಚಿದ್ದಾರೆ. ಎಡಗಡೆಯ ಸೀಟಿನ ಕೆಳಗೆ ಎರಡಂಗುಲದ ಮರದ ತುಂಡು ಕೊಟ್ಟು ಎತ್ತರಿಸಿದ್ದರಿಂದ ಏಳುವುದು ಸ್ವಲ್ಪ ಸುಲಭವಾಗಿದೆ. ಆದರೆ ಹಾಗೆ ಮಾಡಿದ ಮೇಲೆ ಗಾಳಿ ನೇರ ಮುಖಕ್ಕೆ ಹೊಡೆಯುತ್ತದೆ ಎಂಬುದು ಮಡದಿಯ ಹೊಸ ದೂರು. ಮುಂದಿನ ಭಾನುವಾರ ಆ ತುಂಡನ್ನು ಅರ್ಧ ಅಂಗುಲ ಕೆತ್ತುವುದಾಗಿ ಯಜಮಾನರು ಒಪ್ಪಿಕೊಂಡಿದ್ದಾರೆ.